ಒಂದು ಫೋನಿನ ನೆಟ್, ಎರಡು ಕಂಪ್ಯೂಟರ್: ಹಂಚಿಕೊಂಡ ಇಂಟರ್ನೆಟ್ ನಿಂತಾಗ ಎಲ್ಲಿಂದ ನೋಡುತ್ತಾ ಬರಬೇಕು

ಕೊಪ್ಪಳದ ಹಳೇ ಊರಿನಲ್ಲಿ ನಮ್ಮ ಅಕ್ಕನ ಮನೆ. ಮೊಳ ದಪ್ಪದ ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಪಡಸಾಲೆಯಲ್ಲಿ ಭಾವನ ಅಂಗಡಿ ಲೆಕ್ಕದ ಹಳೇ ಡೆಸ್ಕ್‌ಟಾಪ್ ಇದೆ. ಒಳಕೋಣೆಯಲ್ಲಿ ಅಕ್ಕನ ಮಗಳು ಲ್ಯಾಪ್‌ಟಾಪ್ ಇಟ್ಟುಕೊಂಡು ಓದುತ್ತಾಳೆ. ಮನೆಗೆ ಫೈಬರ್ ಲೈನ್ ಇಲ್ಲ. ಫೋನಿನ ಸಿಗ್ನಲ್ ಪಡಸಾಲೆಯ ಕಿಟಕಿ ಹತ್ತಿರ ಚೆನ್ನಾಗಿದೆ, ಒಳಕೋಣೆಯಲ್ಲಿ ಒಂದು ಕಡ್ಡಿಯೂ ಇಲ್ಲ. ಹಾಟ್‌ಸ್ಪಾಟ್ ಹಾಕಿದರೂ ಆ ಗೋಡೆ ದಾಟುವುದಿಲ್ಲ. ಅದಕ್ಕೇ ಫೋನನ್ನು ಯುಎಸ್‌ಬಿ ಕೇಬಲ್‌ನಲ್ಲಿ ಡೆಸ್ಕ್‌ಟಾಪ್‌ಗೆ ಜೋಡಿಸಿ, ಅಲ್ಲಿಂದ ಗೋಡೆಯ ತೂತಿನಲ್ಲಿ ಒಂದು ಲ್ಯಾನ್ ಕೇಬಲ್ ಒಳಗೆ ಎಳೆದಿದ್ದೇವೆ. ಡೆಸ್ಕ್‌ಟಾಪ್ ತನ್ನ ನೆಟ್ಟನ್ನು ಲ್ಯಾಪ್‌ಟಾಪ್ ಜೊತೆ ಹಂಚಿಕೊಳ್ಳುತ್ತದೆ. ವಿಂಡೋಸ್‌ನಲ್ಲಿ ಈ ಸೌಲಭ್ಯ ಹೊಸದಲ್ಲ, 1999ರ ವಿಂಡೋಸ್ 98 ಸೆಕೆಂಡ್ ಎಡಿಷನ್ ಕಾಲದಿಂದಲೂ ಇದೆ.

ಒಂದು ದಿನ ಸಂಜೆ ಅವಳ ಫೋನ್ ಬಂತು. "ಮಾಮಾ, ನೆಟ್ ಬರವಲ್ದು. ಸ್ಕಾಲರ್‌ಶಿಪ್ ಅರ್ಜಿಗೆ ಇವತ್ತೇ ಕಡೇ ದಿನ." ನಾನು ಹೋದವನೇ ಡೆಸ್ಕ್‌ಟಾಪ್ ಮುಂದೆ ಕೂತು ಸೆಟ್ಟಿಂಗ್ ಬದಲಿಸತೊಡಗಿದೆ. ಎರಡು ಗಂಟೆ ಹೋಯಿತು. ಆಮೇಲೆ ಒಳಕೋಣೆಯ ಜೋಳದ ಚೀಲ ಸರಿಸಿ ನೋಡಿದರೆ, ಲ್ಯಾನ್ ಕೇಬಲ್‌ನ ಮೇಲಿನ ನೀಲಿ ಸಿಪ್ಪೆ ಗೇಣುದ್ದ ಹೋಗಿತ್ತು. ಒಳಗಿನ ಕಿತ್ತಳೆ ಬಣ್ಣದ ತಂತಿ ತುಂಡಾಗಿ, ತಾಮ್ರದ ತುದಿ ಹೊಳೆಯುತ್ತಿತ್ತು. ಇಲಿ ಕಡಿದಿತ್ತು. ಆ ಎರಡು ಗಂಟೆ ಆ ಹುಡುಗಿ ಗಡಿಯಾರ ನೋಡುತ್ತಾ ನಿಂತಿದ್ದು ನನಗೆ ಇನ್ನೂ ನೆನಪಿದೆ. ಅವತ್ತಿನಿಂದ ಯಾರ ಮನೆಗೆ ಹೋದರೂ ಒಂದೇ ಕ್ರಮದಲ್ಲಿ ನೋಡುತ್ತೇನೆ. ಆ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ.

ಅದಕ್ಕಿಂತ ಮೊದಲು ಒಂದು ಮಾತು. ಅರ್ಜಿ, ಪರೀಕ್ಷೆ, ಹಣ ಕಟ್ಟುವುದು, ಹೀಗೆ ತುರ್ತು ಕೆಲಸ ಇದ್ದರೆ ರಿಪೇರಿಗೆ ಕೈ ಹಾಕಬೇಡಿ. ಲ್ಯಾಪ್‌ಟಾಪನ್ನು ಎತ್ತಿಕೊಂಡು ಫೋನ್ ಇರುವಲ್ಲಿಗೆ ಬನ್ನಿ, ನೇರವಾಗಿ ಫೋನಿಗೇ ಜೋಡಿಸಿ ಕೆಲಸ ಮುಗಿಸಿ. ಅವತ್ತು ಕೊನೆಗೆ ನಾವು ಮಾಡಿದ್ದೂ ಅದನ್ನೇ. ರಿಪೇರಿ ಆಮೇಲೆ ನಿಧಾನವಾಗಿ ಆಗಲಿ.

ಕಾಲುವೆ ನೋಡುವ ಹಾಗೆ ನೋಡಿ

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತರಿಗೆ ಇದು ಹೇಳಿಕೊಡಬೇಕಾಗಿಲ್ಲ. ಹೊಲಕ್ಕೆ ನೀರು ಬರದಿದ್ದರೆ ಹೊಲದಲ್ಲಿ ನಿಂತು ಅಗೆಯುವುದಿಲ್ಲ. ಡ್ಯಾಮಿನಿಂದ ನೀರು ಬಿಟ್ಟಿದ್ದಾರಾ, ದೊಡ್ಡ ಕಾಲುವೆಯಲ್ಲಿ ಇದೆಯಾ, ತೂಬು ತೆರೆದಿದೆಯಾ, ಹೊಲಗಾಲುವೆ ಒಡೆದಿದೆಯಾ ಎಂದು ಮೇಲಿನಿಂದ ನೋಡುತ್ತಾ ಬರುತ್ತಾರೆ. ಇಲ್ಲೂ ಅಷ್ಟೇ. ಫೋನ್, ಡೆಸ್ಕ್‌ಟಾಪ್, ನಡುವಿನ ಕೇಬಲ್, ಲ್ಯಾಪ್‌ಟಾಪ್ ಪಡೆದ ವಿಳಾಸ (ನೆಟ್‌ವರ್ಕ್‌ನಲ್ಲಿ ಅದನ್ನು ಗುರುತಿಸುವ ಸಂಖ್ಯೆ), ಹಂಚಿಕೆಯ ಸೆಟ್ಟಿಂಗ್, ಕೊನೆಗೆ ತಾಣದ ಹೆಸರು ಹುಡುಕುವ ಕೆಲಸ. ಯಾವ ಜಾಗದವರೆಗೆ ಸರಿ ಇದೆ ಎಂದು ಗೊತ್ತಾದರೆ, ತೊಂದರೆ ಅದರ ಮುಂದಿನ ಜಾಗದಲ್ಲೇ ಇರುತ್ತದೆ.

ಫೋನ್ ಜೋಡಿಸಿರುವುದನ್ನು ಕೊಡುವ ಕಂಪ್ಯೂಟರ್ ಎನ್ನೋಣ, ಇನ್ನೊಂದನ್ನು ಪಡೆಯುವ ಕಂಪ್ಯೂಟರ್. ಸೂಚನೆಗಳು ವಿಂಡೋಸ್ 10 ಮತ್ತು 11ಕ್ಕೆ. ಆದೇಶಗಳನ್ನು ಓದಲು ಸುಲಭವಾಗಲಿ ಎಂದು ಕನ್ನಡದಲ್ಲಿ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ.

1. ಕೊಡುವ ಕಂಪ್ಯೂಟರ್‌ನಲ್ಲೇ ನೆಟ್ ಇದೆಯಾ?

ಡೆಸ್ಕ್‌ಟಾಪ್‌ನಲ್ಲಿ ಬ್ರೌಸರ್ ತೆರೆದು, ನೀವು ದಿನಾ ನೋಡದ ಒಂದು ತಾಣಕ್ಕೆ ಹೋಗಿ. ದಿನಾ ನೋಡುವುದಾದರೆ ಹಳೇ ಪುಟವೇ ತೆರೆದುಕೊಂಡು ನಿಮ್ಮನ್ನು ದಾರಿ ತಪ್ಪಿಸಬಹುದು. ತೆರೆಯಿತು ಅಂದ್ರೆ ಎರಡನೇ ಹಂತಕ್ಕೆ ನಡೆಯಿರಿ.

ತೆರೆಯದಿದ್ದರೆ ಫೋನ್ ಕೈಗೆ ತೆಗೆದುಕೊಳ್ಳಿ. ವೈಫೈ ಆಫ್ ಮಾಡಿ, ಫೋನಿನಲ್ಲೇ ಡೇಟಾ ಓಡುತ್ತಿದೆಯಾ ನೋಡಿ. ದಿನಕ್ಕೆ ಒಂದೂವರೆ ಅಥವಾ ಎರಡು ಜಿಬಿ ಪ್ಲಾನ್ ಇದ್ದರೆ, ಅದು ಮುಗಿದ ಮೇಲೆ ಬಹಳಷ್ಟು ಪ್ಲಾನ್‌ಗಳಲ್ಲಿ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಆಗ ನೆಟ್ ಇದ್ದೂ ಇಲ್ಲದ ಹಾಗೆ. ಎರಡು ಕಂಪ್ಯೂಟರ್ ಒಂದೇ ಸಿಮ್ ಮೇಲೆ ಬಿದ್ದಾಗ ಡೇಟಾ ಮಧ್ಯಾಹ್ನಕ್ಕೇ ಖಾಲಿಯಾಗುವುದು ತೀರಾ ಸಾಮಾನ್ಯ.

ಫೋನಿನಲ್ಲಿ ನೆಟ್ ಇದೆ, ಡೆಸ್ಕ್‌ಟಾಪ್‌ಗೆ ಬರುತ್ತಿಲ್ಲ ಎಂದಾದರೆ ಯುಎಸ್‌ಬಿ ಟೆದರಿಂಗ್, ಅಂದರೆ ಫೋನಿನ ನೆಟ್ಟನ್ನು ಕೇಬಲ್ ಮೂಲಕ ಕಂಪ್ಯೂಟರ್‌ಗೆ ಕೊಡುವ ಆಯ್ಕೆ, ಫೋನಿನಲ್ಲಿ ಆನ್ ಇದೆಯಾ ನೋಡಿ. ಕೇಬಲ್ ಒಮ್ಮೆ ಬಿಚ್ಚಿ ಹಾಕಿದರೂ ಸಾಕು, ಬಹಳಷ್ಟು ಫೋನ್‌ಗಳಲ್ಲಿ ಅದು ತಾನಾಗಿ ಆಫ್ ಆಗುತ್ತದೆ. ಆ ಬಟನ್ ಒತ್ತಲು ಬಾರದೆ ಮಸುಕಾಗಿ ಕಂಡರೆ ಕೇಬಲ್ ಮೇಲೆ ಅನುಮಾನ ಪಡಿ. ಕೆಲವು ಅಗ್ಗದ ಕೇಬಲ್‌ಗಳಲ್ಲಿ ಚಾರ್ಜಿಂಗ್ ತಂತಿ ಮಾತ್ರ ಇರುತ್ತದೆ, ಡೇಟಾ ತಂತಿಯೇ ಇರುವುದಿಲ್ಲ. ಫೋನ್ ಚಾರ್ಜ್ ಆಗುತ್ತಿದೆ ಎಂದ ಮಾತ್ರಕ್ಕೆ ಕೇಬಲ್ ಸರಿ ಇದೆ ಅಂತ ಅಲ್ಲ.

ನಮ್ಮ ಕಡೆಯ ಇನ್ನೆರಡು ಕಾರಣಗಳಿವೆ. ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಕಿಟಕಿಯಲ್ಲಿ ಬಿಸಿಲಿಗೆ ಇಟ್ಟ ಫೋನ್, ಚಾರ್ಜ್ ಆಗುತ್ತಾ ಡೇಟಾ ಹಂಚುತ್ತಾ ಇದ್ದರೆ ಕಾದು ನಿಧಾನವಾಗುತ್ತದೆ, ಕೆಲವೊಮ್ಮೆ ಟೆದರಿಂಗ್ ಅನ್ನೇ ನಿಲ್ಲಿಸುತ್ತದೆ. ಹಿಂದಿನ ಕವರ್ ತೆಗೆದು ನೆರಳಿಗೆ ಇಡಿ. ಇನ್ನೊಂದು, ಜನವರಿಯ ಗವಿಸಿದ್ಧೇಶ್ವರ ಜಾತ್ರೆ. ಲಕ್ಷಗಟ್ಟಲೆ ಜನ ಊರಿಗೆ ಬಂದಾಗ ಟವರ್ ಮೇಲೆ ಭಾರ ಜಾಸ್ತಿಯಾಗುತ್ತದೆ. ಸಿಗ್ನಲ್ ಕಡ್ಡಿ ತುಂಬಾ ಇರುತ್ತದೆ, ಡೇಟಾ ಮಾತ್ರ ಓಡುವುದಿಲ್ಲ. ಆ ದಿನಗಳಲ್ಲಿ ಸೆಟ್ಟಿಂಗ್ ಮುಟ್ಟಬೇಡಿ. ನಸುಕಿನಲ್ಲಿ ಎದ್ದು ಕೆಲಸ ಮುಗಿಸಿಕೊಳ್ಳಿ.

2. ಕೇಬಲ್‌ನಲ್ಲಿ ಜೀವ ಇದೆಯಾ?

ಇದನ್ನು ಕಣ್ಣಿನಿಂದಲೇ ನೋಡಬಹುದು, ಅದಕ್ಕೇ ಸೆಟ್ಟಿಂಗ್‌ಗಿಂತ ಮೊದಲು ಇಟ್ಟಿದ್ದೇನೆ. ಲ್ಯಾನ್ ಕೇಬಲ್ ಸಿಕ್ಕಿಸುವ ಜಾಗದಲ್ಲಿ ಸಾಮಾನ್ಯವಾಗಿ ಎರಡು ಪುಟ್ಟ ದೀಪ ಇರುತ್ತವೆ. ಎರಡೂ ಕಂಪ್ಯೂಟರ್ ಆನ್ ಇದ್ದಾಗ ಒಂದಾದರೂ ಹೊತ್ತಿರಬೇಕು. ಎರಡೂ ಕಡೆ ಕತ್ತಲಿದ್ದರೆ ಕೇಬಲ್ ಅಥವಾ ಅದರ ತುದಿ ಕೆಟ್ಟಿದೆ, ಇಲ್ಲವೇ ಲ್ಯಾನ್ ಕಾರ್ಡ್ (ಕಂಪ್ಯೂಟರ್‌ನಲ್ಲಿ ಈ ಕೇಬಲ್ ಕೂಡುವ ಭಾಗ) ಆಫ್ ಆಗಿದೆ.

ತುದಿಯ ಪ್ಲಾಸ್ಟಿಕ್ ಕೊಂಡಿ ಮುರಿದಿದೆಯಾ ನೋಡಿ. ಸಿಕ್ಕಿಸಿದಾಗ ಟಿಕ್ ಎನ್ನಬೇಕು. ಕೊಂಡಿ ಮುರಿದ ಕೇಬಲ್ ಮೊದಲು ಸರಿಯಾಗೇ ಇರುತ್ತದೆ, ಕಸ ಗುಡಿಸುವಾಗ ಒಂದಿಷ್ಟು ಜಗ್ಗಿದರೆ ಸಡಿಲಾಗುತ್ತದೆ. ಆಮೇಲೆ ಕೇಬಲ್ ಉದ್ದಕ್ಕೂ ಕೈಯಾಡಿಸುತ್ತಾ ಹೋಗಿ. ಚೀಲಗಳ ಹಿಂದೆ, ಬಾಗಿಲ ಸಂದಿಯಲ್ಲಿ, ಗೋಡೆಯ ತೂತಿನ ಅಂಚಿನಲ್ಲಿ ನಿಧಾನವಾಗಿ ನೋಡಿ.

ಕೇಬಲ್ ಒಳಗೆ ಎಂಟು ತಂತಿ, ನಾಲ್ಕು ಜೋಡಿ. 100 ಎಂಬಿಪಿಎಸ್ ವೇಗಕ್ಕೆ ಎರಡೇ ಜೋಡಿ ಸಾಕು, ಸಾಮಾನ್ಯ ಜೋಡಣೆಯಲ್ಲಿ ಅವು ಕಿತ್ತಳೆ ಮತ್ತು ಹಸಿರು. ಅದಕ್ಕೇ ನೀಲಿ ಅಥವಾ ಕಂದು ತಂತಿ ತುಂಡಾದರೂ ಬಹಳ ಸಲ ನೆಟ್ ಓಡುತ್ತದೆ, ವೇಗ ಮಾತ್ರ ಇಳಿಯುತ್ತದೆ. ನಮ್ಮ ಮನೆಯಲ್ಲಿ ಹೋಗಿದ್ದು ಕಿತ್ತಳೆ, ಹಾಗಾಗಿ ಪೂರ್ತಿ ನಿಂತಿತು. ತುಂಡಾದ ತಂತಿಗೆ ಟೇಪ್ ಸುತ್ತಿ ಕೂಡಿಸುವ ಬದಲು ಹೊಸ ಕೇಬಲ್ ಹಾಕಿ. ನಾವು ಹೊಸದನ್ನು ಪಿವಿಸಿ ಪೈಪಿನೊಳಗೆ ತೂರಿಸಿದೆವು, ಆಮೇಲೆ ಇಲಿ ಮುಟ್ಟಿಲ್ಲ.

ಎರಡೂ ಕಂಪ್ಯೂಟರ್ ಬಹಳ ಹಳೆಯವಾಗಿದ್ದರೆ ಮಾತ್ರ ಕ್ರಾಸ್ ಕೇಬಲ್, ಅಂದರೆ ಒಂದು ತುದಿಯಲ್ಲಿ ತಂತಿಗಳನ್ನು ಅದಲುಬದಲು ಮಾಡಿದ ಕೇಬಲ್, ಬೇಕಾಗಬಹುದು. ಗಿಗಾಬಿಟ್ (1000 ಎಂಬಿಪಿಎಸ್) ಕಾರ್ಡ್‌ಗಳು ತಂತಿಯ ಅದಲುಬದಲನ್ನು ತಾವೇ ಸರಿಮಾಡಿಕೊಳ್ಳುತ್ತವೆ.

3. ಪಡೆಯುವ ಕಂಪ್ಯೂಟರ್‌ಗೆ ಯಾವ ವಿಳಾಸ ಸಿಕ್ಕಿದೆ?

ಲ್ಯಾಪ್‌ಟಾಪ್‌ನಲ್ಲಿ ಸ್ಟಾರ್ಟ್ ಒತ್ತಿ ಸಿಎಂಡಿ ಎಂದು ಟೈಪ್ ಮಾಡಿ ಎಂಟರ್ ಕೊಡಿ. ಕಪ್ಪು ಪರದೆ ಬರುತ್ತದೆ. ಅಲ್ಲಿ ಐಪಿಕಾನ್ಫಿಗ್ (ipconfig) ಎಂದು ಒಂದೇ ಪದವಾಗಿ ಬರೆದು ಎಂಟರ್ ಒತ್ತಿ. ಈಥರ್ನೆಟ್ ಎಂಬ ಹೆಸರಿನ ಕೆಳಗೆ ಐಪಿವಿ4 ಅಡ್ರೆಸ್ ಎಂಬ ಸಾಲು ಹುಡುಕಿ. ಅರ್ಧ ಕಥೆ ಆ ಒಂದು ಸಾಲಿನಲ್ಲೇ ಇದೆ.

192.168.137 ಎಂದು ಶುರುವಾಗಿದ್ದರೆ ಒಳ್ಳೆಯದು. ಈಗಿನ ವಿಂಡೋಸ್‌ನಲ್ಲಿ ಹಂಚಿಕೆ ಆನ್ ಆದಾಗ ಕೊಡುವ ಕಂಪ್ಯೂಟರ್ ತನಗೆ 192.168.137.1 ಇಟ್ಟುಕೊಂಡು, ಉಳಿದವರಿಗೆ ಅದೇ ಸಾಲಿನ ವಿಳಾಸ ಹಂಚುತ್ತದೆ. ಡಿಫಾಲ್ಟ್ ಗೇಟ್‌ವೇ, ಅಂದರೆ ಹೊರಗೆ ಹೋಗುವ ಬಾಗಿಲು, ಎಂಬ ಸಾಲಿನಲ್ಲಿ 192.168.137.1 ಕಾಣಬೇಕು. ಎಕ್ಸ್‌ಪಿ ಕಾಲದಲ್ಲಿ ಇದು 192.168.0.1 ಇತ್ತು, ಹಾಗಾಗಿ ಹಳೇ ಪುಸ್ತಕ ನೋಡಿ ಗಾಬರಿಯಾಗಬೇಡಿ.

169.254 ಎಂದು ಶುರುವಾಗಿದ್ದರೆ, ಲ್ಯಾಪ್‌ಟಾಪ್ ವಿಳಾಸ ಕೇಳಿತು, ಯಾರೂ ಕೊಡಲಿಲ್ಲ, ತಾನೇ ಒಂದನ್ನು ಹಾಕಿಕೊಂಡಿತು ಎಂದರ್ಥ. ದೀಪ ಹೊತ್ತಿದ್ದೂ ಹೀಗಾದರೆ ತಪ್ಪು ಬಹುಪಾಲು ಡೆಸ್ಕ್‌ಟಾಪ್‌ನ ಹಂಚಿಕೆಯಲ್ಲೇ ಇರುತ್ತದೆ. ನೇರ ನಾಲ್ಕನೇ ಹಂತಕ್ಕೆ ಹೋಗಿ.

ಬೇರೆ ಯಾವುದೋ ಸಂಖ್ಯೆ ಇದ್ದರೆ, ಹಿಂದೆ ಯಾರೋ ಕೈಯಿಂದ ವಿಳಾಸ ಬರೆದಿಟ್ಟಿರಬೇಕು. ಕಾಲೇಜು, ಆಫೀಸು, ಸೆಂಟರ್‌ಗಳಿಂದ ಬಂದ ಸೆಕೆಂಡ್‌ಹ್ಯಾಂಡ್ ಕಂಪ್ಯೂಟರ್‌ಗಳಲ್ಲಿ ಇದು ಸಿಗುತ್ತದೆ. ಈಥರ್ನೆಟ್‌ನ ಪ್ರಾಪರ್ಟೀಸ್‌ಗೆ ಹೋಗಿ (ದಾರಿ ನಾಲ್ಕನೇ ಹಂತದಲ್ಲಿದೆ), ಇಂಟರ್ನೆಟ್ ಪ್ರೋಟೋಕಾಲ್ ವರ್ಷನ್ 4 ಮೇಲೆ ಎರಡು ಸಲ ಒತ್ತಿ, ವಿಳಾಸ ಮತ್ತು ಡಿಎನ್‌ಎಸ್ (ಇದರ ಬಗ್ಗೆ ಆರನೇ ಹಂತದಲ್ಲಿ) ಎರಡನ್ನೂ ತಾನಾಗಿ ಪಡೆಯುವ ಆಯ್ಕೆಗೆ ಬದಲಿಸಿ. ನಂತರ ಕಪ್ಪು ಪರದೆಯಲ್ಲಿ ಐಪಿಕಾನ್ಫಿಗ್ /ರಿನ್ಯೂ ಕೊಡಿ.

4. ಹಂಚಿಕೆಯ ತೂಬು

ಹೆಚ್ಚಿನ ಮನೆಗಳಲ್ಲಿ ಕೇಬಲ್ ಬಿಟ್ಟರೆ ತೊಂದರೆ ಸಿಗುವುದು ಇಲ್ಲೇ, ಸಾವಕಾಶವಾಗಿ ಮಾಡಿ.

ಡೆಸ್ಕ್‌ಟಾಪ್‌ನಲ್ಲಿ ವಿಂಡೋಸ್ ಕೀ ಜೊತೆ ಆರ್ ಒತ್ತಿ, ಎನ್‌ಸಿಪಿಎ ಚುಕ್ಕಿ ಸಿಪಿಎಲ್ ಎಂದು ಬರೆದು ಎಂಟರ್ ಕೊಡಿ. ನೆಟ್‌ವರ್ಕ್ ಕಾರ್ಡ್‌ಗಳೆಲ್ಲ ಸಾಲಾಗಿ ಕಾಣುತ್ತವೆ. ಈಥರ್ನೆಟ್, ಈಥರ್ನೆಟ್ 2, ಈಥರ್ನೆಟ್ 3 ಎಂಬ ಹೆಸರುಗಳಿಂದ ಯಾವುದು ಯಾವುದು ಎಂದು ತಿಳಿಯುವುದಿಲ್ಲ. ಹೆಸರಿನ ಕೆಳಗಿನ ಸಣ್ಣ ಅಕ್ಷರ ಓದಿ. ಆಂಡ್ರಾಯ್ಡ್ ಫೋನಾದರೆ ಸಾಮಾನ್ಯವಾಗಿ ರಿಮೋಟ್ ಎನ್‌ಡಿಐಎಸ್ ಎಂದಿರುತ್ತದೆ. ಲ್ಯಾನ್ ಕಾರ್ಡ್ ಆದರೆ ರಿಯಲ್‌ಟೆಕ್, ಇಂಟೆಲ್ ಹೀಗೆ ತಯಾರಕರ ಹೆಸರು. ಇನ್ನೂ ಅನುಮಾನ ಇದ್ದರೆ ಫೋನಿನ ಕೇಬಲ್ ಬಿಚ್ಚಿ. ಆ ಪಟ್ಟಿಯಿಂದ ಯಾವುದು ಮಾಯವಾಯಿತೋ ಅದೇ ಫೋನ್. ಮತ್ತೆ ಜೋಡಿಸಿ ಟೆದರಿಂಗ್ ಆನ್ ಮಾಡಿ. ಎರಡಕ್ಕೂ ಫೋನ್‌ನೆಟ್, ಒಳಕೋಣೆ ಎಂದು ಹೆಸರು ಬದಲಿಸಿ ಇಟ್ಟರೆ ಮುಂದೆ ಬಹಳ ಅನುಕೂಲ.

ಈಗ ಫೋನಿನ ಕಾರ್ಡ್ ಮೇಲೆ ಮೌಸ್‌ನ ಬಲ ಬಟನ್ ಒತ್ತಿ ಪ್ರಾಪರ್ಟೀಸ್, ಅಲ್ಲಿ ಷೇರಿಂಗ್ ಟ್ಯಾಬ್. ಗಮನ ಇರಲಿ, ನೆಟ್ ಬರುವ ಕಾರ್ಡ್‌ನಲ್ಲಿ ಹಂಚಿಕೆ ಆನ್ ಮಾಡಬೇಕು, ಹೋಗುವ ಕಾರ್ಡ್‌ನಲ್ಲಿ ಅಲ್ಲ. ತಲೆಕೆಳಗಾಗಿ ಮಾಡಿದವರನ್ನು ಬಹಳ ಜನ ನೋಡಿದ್ದೇನೆ. ಮೊದಲ ಚೌಕಕ್ಕೆ ಟಿಕ್ ಹಾಕಿ, ಕೆಳಗಿನ ಹೋಮ್ ನೆಟ್‌ವರ್ಕಿಂಗ್ ಪಟ್ಟಿಯಲ್ಲಿ ಒಳಕೋಣೆಯ ಲ್ಯಾನ್ ಕಾರ್ಡ್ ಆರಿಸಿ. ಎರಡನೇ ಚೌಕ, ಅಂದರೆ ಬೇರೆಯವರಿಗೆ ನಿಯಂತ್ರಣ ಕೊಡುವುದು, ಖಾಲಿ ಇದ್ದರೂ ನಡೆಯುತ್ತದೆ. ಷೇರಿಂಗ್ ಟ್ಯಾಬೇ ಕಾಣದಿದ್ದರೆ ವಿಂಡೋಸ್‌ಗೆ ಒಂದೇ ಕಾರ್ಡ್ ಗೊತ್ತಾಗುತ್ತಿದೆ ಎಂದು ತಿಳಿಯಿರಿ.

ಟಿಕ್ ಮೊದಲೇ ಇದ್ದರೂ ಕೆಲಸ ಮಾಡುತ್ತಿಲ್ಲವೇ? ಟಿಕ್ ತೆಗೆದು ಓಕೆ ಕೊಡಿ, ಹತ್ತು ಸೆಕೆಂಡ್ ಬಿಟ್ಟು ಮತ್ತೆ ಹಾಕಿ. ಸುಮ್ನೆ ಹೇಳುತ್ತಿಲ್ಲ, ಕಾರಣ ಇದೆ. ಫೋನನ್ನು ಬೇರೆ ಯುಎಸ್‌ಬಿ ಪೋರ್ಟ್‌ಗೆ ಹಾಕಿದಾಗ ಅಥವಾ ಬೇರೆ ಫೋನ್ ಜೋಡಿಸಿದಾಗ ವಿಂಡೋಸ್ ಅದನ್ನು ಹೊಸ ಕಾರ್ಡ್ ಎಂದು ತಿಳಿಯಬಹುದು. ಆಗ ಹಂಚಿಕೆ ಹಳೇ ಕಾರ್ಡ್‌ಗೇ ಅಂಟಿಕೊಂಡಿರುತ್ತದೆ, ಹೊಸದರ ನೀರು ಈ ಕಡೆ ಹರಿಯುವುದಿಲ್ಲ. ಅದಕ್ಕೇ ನಾವು ಡೆಸ್ಕ್‌ಟಾಪ್‌ನ ಒಂದು ಪೋರ್ಟ್‌ಗೆ ಕುಂಕುಮದಿಂದ ಬೊಟ್ಟು ಇಟ್ಟಿದ್ದೇವೆ. ಫೋನ್ ಯಾವಾಗಲೂ ಅಲ್ಲಿಗೇ.

ಹಂಚಿಕೆ ಸರಿಯಾದ ಮೇಲೂ ಡೆಸ್ಕ್‌ಟಾಪ್‌ನ ಲ್ಯಾನ್ ಕಾರ್ಡ್ ಎದುರು ಅನ್‌ಐಡೆಂಟಿಫೈಡ್ ನೆಟ್‌ವರ್ಕ್ ಎಂದು ಕಾಣಬಹುದು. ಅದು ತಪ್ಪಲ್ಲ. ಆ ಕಡೆಯಿಂದ ಡೆಸ್ಕ್‌ಟಾಪ್‌ಗೆ ನೆಟ್ ಬರುವುದಿಲ್ಲ, ಹೋಗುತ್ತದೆ ಅಷ್ಟೇ.

5. ಪಿಂಗ್ ಹಾಕಿ ಕೇಳಿ

ಪಿಂಗ್ ಎಂದರೆ ಇನ್ನೊಂದು ಕಂಪ್ಯೂಟರನ್ನು ಕೂಗಿ ಉತ್ತರ ಬರುತ್ತದೆಯಾ ನೋಡುವ ಆದೇಶ. ಲ್ಯಾಪ್‌ಟಾಪ್‌ನ ಕಪ್ಪು ಪರದೆಗೆ ವಾಪಸ್ ಬನ್ನಿ. ಪಿಂಗ್ ಎಂದು ಬರೆದು, ಜಾಗ ಬಿಟ್ಟು 192.168.137.1 ಕೊಡಿ. ರಿಪ್ಲೈ ಫ್ರಮ್ ಎಂದು ಬಂದರೆ ಡೆಸ್ಕ್‌ಟಾಪ್‌ವರೆಗೆ ದಾರಿ ಚೊಕ್ಕಟ.

ಉತ್ತರ ಬಾರದಿದ್ದರೆ ತಕ್ಷಣ ಕೇಬಲ್‌ಗೆ ಬೈಯಬೇಡಿ. ವಿಂಡೋಸ್ ಫೈರ್‌ವಾಲ್ (ಹೊರಗಿನಿಂದ ಬರುವುದನ್ನು ತಡೆಯುವ ಕಾವಲು) ಬಹಳ ಸಲ ಪಿಂಗ್‌ಗೆ ಉತ್ತರ ಕೊಡುವುದಿಲ್ಲ, ನೆಟ್ ಮಾತ್ರ ದಾಟಿಸುತ್ತದೆ. ಆಗ ಎಆರ್‌ಪಿ -ಎ ಎಂದು ಕೊಡಿ. ಪಟ್ಟಿಯಲ್ಲಿ 192.168.137.1 ಎದುರು ಎರಡೆರಡು ಅಕ್ಷರಗಳ ಆರು ಗುಂಪಿನ ಗುರುತು ಕಂಡರೆ, ಎರಡೂ ಕಂಪ್ಯೂಟರ್ ಒಂದನ್ನೊಂದು ಮಾತಾಡಿಸಿವೆ, ಕೇಬಲ್ ಸರಿ ಇದೆ.

ಮುಂದೆ ಪಿಂಗ್ 8.8.8.8 ಕೊಡಿ. ಇದು ಗೂಗಲ್‌ನ ಡಿಎನ್‌ಎಸ್ ವಿಳಾಸ. ಡೆಸ್ಕ್‌ಟಾಪ್‌ನಿಂದ ಉತ್ತರ ಬಂದು ಲ್ಯಾಪ್‌ಟಾಪ್‌ನಿಂದ ಬರದಿದ್ದರೆ ನೀರು ಡೆಸ್ಕ್‌ಟಾಪ್‌ನಲ್ಲೇ ನಿಂತಿದೆ. ನಾಲ್ಕನೇ ಹಂತ ಮತ್ತೆ ನೋಡಿ. ಅಲ್ಲೂ ಸರಿ ಇದ್ದರೆ ಹೊರಗಿನಿಂದ ಹಾಕಿಸಿಕೊಂಡ ಆಂಟಿವೈರಸ್‌ನ ಫೈರ್‌ವಾಲನ್ನು ಐದು ನಿಮಿಷ ಮಾತ್ರ ನಿಲ್ಲಿಸಿ ಪರೀಕ್ಷಿಸಿ, ಮರೆಯದೆ ಮತ್ತೆ ಆನ್ ಮಾಡಿ. ಡೆಸ್ಕ್‌ಟಾಪ್‌ನಲ್ಲಿ ವಿಪಿಎನ್ (ನೆಟ್ಟನ್ನು ಬೇರೆ ದಾರಿಯಿಂದ ಕಳಿಸುವ ತಂತ್ರಾಂಶ) ಓಡುತ್ತಿದ್ದರೆ ಅದನ್ನೂ ನಿಲ್ಲಿಸಿ ನೋಡಿ.

6. ಪಿಂಗ್ ಬರುತ್ತದೆ, ಪುಟ ತೆರೆಯುವುದಿಲ್ಲ

ಹೀಗಾದರೆ ಹೆಸರಿನ ತೊಂದರೆ. ತಾಣದ ಹೆಸರನ್ನು ಸಂಖ್ಯೆಗೆ ಬದಲಿಸಿಕೊಡುವುದು ಡಿಎನ್‌ಎಸ್ ಕೆಲಸ. ಲ್ಯಾಪ್‌ಟಾಪ್‌ನಲ್ಲಿ ಐಪಿಕಾನ್ಫಿಗ್ /ಫ್ಲಶ್‌ಡಿಎನ್‌ಎಸ್ ಕೊಟ್ಟು ನೋಡಿ. ಆಗದಿದ್ದರೆ ವರ್ಷನ್ 4ರ ಕಿಟಕಿಯಲ್ಲಿ ವಿಳಾಸವನ್ನು ತಾನಾಗಿ ಪಡೆಯಲು ಬಿಟ್ಟು, ಡಿಎನ್‌ಎಸ್ ಮಾತ್ರ 8.8.8.8 ಮತ್ತು 1.1.1.1 ಎಂದು ಬರೆಯಿರಿ.

ಇನ್ನೊಂದು ಕಾರಣವನ್ನು ಯಾರೂ ಊಹಿಸುವುದಿಲ್ಲ. ಪುಟ ತೆರೆಯದ ಕಂಪ್ಯೂಟರ್‌ನ ಪರದೆಯ ಮೂಲೆಯ ತಾರೀಖು ನೋಡಿ. ಹಳೇ ಡೆಸ್ಕ್‌ಟಾಪ್ ಒಳಗಿನ ನಾಣ್ಯದಂಥ ಸೆಲ್, ಸಿಆರ್ 2032, ಸತ್ತಿದ್ದರೆ ಕರೆಂಟ್ ಹೋಗಿ ಬಂದಾಗಲೆಲ್ಲ ತಾರೀಖು ಹಿಂದಕ್ಕೆ ಹೋಗುತ್ತದೆ. ತಾರೀಖು ತಪ್ಪಿದ್ದರೆ ಬ್ಯಾಂಕ್, ಸರ್ಕಾರಿ ಅರ್ಜಿ, ಮೇಲ್ ಯಾವುದೂ ತೆರೆಯದೆ ಎಚ್ಚರಿಕೆ ತೋರಿಸುತ್ತವೆ. ಗಡಿಯಾರದ ಅಂಗಡಿಯಲ್ಲೂ ಆ ಸೆಲ್ ಸಿಗುತ್ತದೆ.

7. ಕರೆಂಟ್ ಹೋಗಿ ಬಂದ ಮೇಲೆ

ನಿನ್ನೆ ಸರಿಯಿತ್ತು, ಇವತ್ತು ಇಲ್ಲ ಎಂಬ ದೂರಿನ ಹಿಂದೆ ಬಹಳ ಸಲ ಡೆಸ್ಕ್‌ಟಾಪ್ ಮರುಚಾಲೂ ಆಗಿರುವುದೇ ಇರುತ್ತದೆ. ವಿಂಡೋಸ್ 10 ಮತ್ತು 11ರಲ್ಲಿ ಹೀಗಾದ ಮೇಲೆ ಟಿಕ್ ಹಾಗೇ ಕಂಡರೂ ಹಂಚಿಕೆ ನಿಂತಿರುತ್ತದೆ. ಪರಿಹಾರಕ್ಕೆ ವಿಂಡೋಸ್ ಕೀ ಜೊತೆ ಆರ್, ಸರ್ವಿಸಸ್ ಚುಕ್ಕಿ ಎಂಎಸ್‌ಸಿ. ಪಟ್ಟಿಯಲ್ಲಿ ಇಂಟರ್ನೆಟ್ ಕನೆಕ್ಷನ್ ಷೇರಿಂಗ್ ಹುಡುಕಿ, ಸ್ಟಾರ್ಟಪ್ ಟೈಪ್ ಆಟೋಮ್ಯಾಟಿಕ್ ಮಾಡಿ. ಇದರ ಜೊತೆ ಮೈಕ್ರೋಸಾಫ್ಟ್ ಒಂದು ರಿಜಿಸ್ಟ್ರಿ (ವಿಂಡೋಸ್‌ನ ಒಳ ಸೆಟ್ಟಿಂಗ್‌ಗಳ ಕಡತ) ಬದಲಾವಣೆಯನ್ನೂ ಹೇಳಿದೆ. ಆದರೆ ರಿಜಿಸ್ಟ್ರಿಯಲ್ಲಿ ಒಂದು ಅಕ್ಷರ ತಪ್ಪಿದರೂ ತೊಂದರೆ, ಗೊತ್ತಿದ್ದವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಮಾಡಿ. ಅಲ್ಲಿಯವರೆಗೆ ಟಿಕ್ ತೆಗೆದು ಹಾಕುವ ಉಪಾಯ ಸಾಕು.

ಡೆಸ್ಕ್‌ಟಾಪ್ ಮಲಗಿದರೂ ಒಳಕೋಣೆಗೆ ನೆಟ್ ಹೋಗುವುದಿಲ್ಲ. ಪವರ್ ಸೆಟ್ಟಿಂಗ್‌ನಲ್ಲಿ ಸ್ಲೀಪ್ ಅನ್ನು ನೆವರ್ ಮಾಡಿ. ಪರದೆ ಆರಿದರೆ ಪರವಾಗಿಲ್ಲ.

8. ನಿಧಾನ ಎಂಬ ದೂರು

ಒಂದೇ ಕಾರಣ ಮೊದಲು ನೋಡಿ: ವಿಂಡೋಸ್ ಅಪ್‌ಡೇಟ್. ಎರಡೂ ಕಂಪ್ಯೂಟರ್‌ನಲ್ಲಿ ಆ ನೆಟ್‌ವರ್ಕ್‌ಗೆ ಮೀಟರ್ಡ್ ಕನೆಕ್ಷನ್, ಅಂದರೆ ಡೇಟಾ ಮಿತಿ ಇದೆ ಎಂದು ವಿಂಡೋಸ್‌ಗೆ ಹೇಳುವ ಆಯ್ಕೆ, ಆನ್ ಮಾಡಿ. ಹಿನ್ನೆಲೆಯ ಡೌನ್‌ಲೋಡ್ ಬಹಳಷ್ಟು ತಡೆಯುತ್ತದೆ. ತಿಂಗಳಿಗೊಮ್ಮೆ ಡೇಟಾ ಉಳಿದಿರುವ ರಾತ್ರಿ ನೀವೇ ಅಪ್‌ಡೇಟ್ ಮಾಡಿಕೊಳ್ಳಿ, ಪೂರ್ತಿ ಬಿಡಬೇಡಿ.

ಮನೆಯಲ್ಲಿ ಫೈಬರ್ ಮತ್ತು ರೂಟರ್ ಇದ್ದರೆ

ಹಂಚುವ ಕೆಲಸ ರೂಟರ್ ಮಾಡುತ್ತದೆ, ಕ್ರಮ ಅದೇ. ಪೆಟ್ಟಿಗೆಯಲ್ಲಿ ಎಲ್‌ಒಎಸ್ ಎಂಬ ದೀಪ ಕೆಂಪಾಗಿದ್ದರೆ ಹೊರಗಿನಿಂದ ಬರುವ ಬೆಳಕೇ ಸಿಗುತ್ತಿಲ್ಲ. ಫೈಬರ್ ಎಲ್ಲಾದರೂ ಚೂಪಾಗಿ ಮಡಚಿದೆಯಾ ನೋಡಿ, ಇಲ್ಲದಿದ್ದರೆ ಲೈನ್‌ಮ್ಯಾನ್ ಅಣ್ಣನನ್ನು ಕರೆಯಿರಿ. ಬಿಚ್ಚಿದ ಫೈಬರ್ ತುದಿಯೊಳಗೆ ಕಣ್ಣಿಟ್ಟು ನೋಡಬೇಡಿ. ಮೊದಲ ಪೆಟ್ಟಿಗೆಗೆ ಇನ್ನೊಂದು ರೂಟರ್ ಸೇರಿಸಿದ ಮೇಲೆ ನೆಟ್ ನಿಂತಿದ್ದರೆ ಎರಡರ ವಿಳಾಸವೂ 192.168.1.1 ಆಗಿರಬಹುದು. ಎರಡನೆಯದನ್ನು 192.168.2.1ಕ್ಕೆ ಬದಲಿಸಿ.

ಏನು ಮಾಡಿದರೂ ಆಗದಿದ್ದರೆ

ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ವಿಭಾಗದಲ್ಲಿ ನೆಟ್‌ವರ್ಕ್ ರಿಸೆಟ್ ಇದೆ. ಅದು ವೈಫೈ ಪಾಸ್‌ವರ್ಡ್, ವಿಪಿಎನ್, ಕೈಯಿಂದ ಬರೆದ ವಿಳಾಸ ಎಲ್ಲವನ್ನೂ ಅಳಿಸುತ್ತದೆ, ಕಂಪ್ಯೂಟರ್ ಮರುಚಾಲೂ ಆಗುತ್ತದೆ. ಅದಕ್ಕೆ ಮೊದಲು ಈಗಿನ ಸೆಟ್ಟಿಂಗ್‌ಗಳ ಫೋಟೋ ಫೋನಿನಲ್ಲಿ ತೆಗೆದುಕೊಳ್ಳಿ. ಆಮೇಲೆ ನಾಲ್ಕನೇ ಹಂತ ಮೊದಲಿನಿಂದ ಮಾಡಬೇಕು.

ಅಂಗಡಿಗೆ ಒಯ್ಯುವುದೇ ಆದರೆ ಒಂದು ಚೀಟಿ ಬರೆದುಕೊಂಡು ಹೋಗಿ: ಡೆಸ್ಕ್‌ಟಾಪ್‌ನಲ್ಲಿ ನೆಟ್ ಇದೆಯಾ, ದೀಪ ಹೊತ್ತಿದೆಯಾ, ಲ್ಯಾಪ್‌ಟಾಪ್‌ಗೆ ಸಿಕ್ಕ ವಿಳಾಸ ಯಾವುದು, 8.8.8.8ಕ್ಕೆ ಉತ್ತರ ಬಂತಾ. ಅಕ್ಕನ ಮಗಳು ಈ ನಾಲ್ಕು ಪ್ರಶ್ನೆಗಳನ್ನು ಬರೆದು ಒಳಕೋಣೆಯ ಮಾಡದ ಪಕ್ಕ ಅಂಟಿಸಿದ್ದಾಳೆ. ಈಗ ಫೋನ್ ಮಾಡಿದರೆ "ಮಾಮಾ, ದೀಪ ಐತಿ, ವಿಳಾಸ 169 ಬಂದೈತಿ" ಎಂದೇ ಶುರು ಮಾಡುತ್ತಾಳೆ. ನಾನು ಟಿಕ್ ತೆಗೆದು ಹಾಕು ಎನ್ನುತ್ತೇನೆ.